ಬಿಡಿಭಾಗಗಳ ಸಂಧಾನ



ಕಂಪ್ಯೂಟರನ್ನು ಅಂಗಡಿಯಿಂದ ಇಡಿಯಾಗಿ ತಂದು ಮೇಜಿನ ಮೇಲಿಟ್ಟು ಗುಂಡಿಯೊತ್ತುವವನಿಗೂ, ಅದರ ಅಂಗೋಪಾಂಗಗಳನ್ನು ಬಿಡಿಬಿಡಿಯಾಗಿ ಕೊಂಡು ತಂದು ತನ್ನ ಮನೆಯಲ್ಲಿ ತಾನೇ ಜೋಡಿಸಿಕೊಳ್ಳುವವನಿಗೂ ಇರತಕ್ಕ ಅಂತರವು ಕೇವಲ ಹಣದ್ದೆಂದು ಬಹುಮಂದಿ ಎಣಿಸಿರುತ್ತಾರೆ. ಒಂದು ಕಾಲದಲ್ಲಿ ಆ ಎಣಿಕೆ ಸರಿಯಾಗಿಯೂ ಇದ್ದಿತು. ನಮ್ಮ ಊರುಗಳಲ್ಲಿ ಸೈಬರ್ ಕೆಫೆಗಳು ತಲೆಯೆತ್ತಿದ ದಿನಗಳಲ್ಲಿ ಅವುಗಳೊಳಗೆ ಸಾಲಾಗಿ ಕುಳಿತಿದ್ದ ಯಂತ್ರಗಳು ಬಹುಮಟ್ಟಿಗೆ ಹೀಗೆ ಜೋಡಿಸಿದುವೇ ಆಗಿದ್ದು, 'ಬ್ರಾಂಡೆಡ್' ಎಂಬ ಬಿರುದು ಹೊತ್ತವುಗಳಿಗಿಂತ ಅಗ್ಗಕ್ಕೆ ದೊರೆಯುತ್ತಿದ್ದುವು. ಈಗಲಾದರೋ ದೊಡ್ಡ ಕಂಪನಿಗಳು ಲಕ್ಷಗಟ್ಟಲೆ ಬಿಡಿಭಾಗಗಳನ್ನು ಒಮ್ಮೆಗೇ ಕೊಳ್ಳುವುದರಿಂದ ಅವರಿಗೆ ಸಿಗುವ ದರ ಬೀದಿಯಲ್ಲಿ ಚೌಕಾಸಿ ಮಾಡುವ ನಮಗೆ ಸಿಗಲಾರದು. ಆದುದರಿಂದ ನಾಲ್ಕು ಕಾಸು ಉಳಿದೀತೆಂಬ ಒಂದೇ ಆಸೆಯಿಂದ ಈ ಕಾರ್ಯಕ್ಕೆ ಕೈಹಾಕುವವರನ್ನು ನಾನು ಆರಂಭದಲ್ಲಿಯೇ ನಿರುತ್ಸಾಹಗೊಳಿಸಿಬಿಡುವುದು ಧರ್ಮವೆಂದು ತೋರುತ್ತದೆ.

ಹಾಗಾದರೆ ಏತಕ್ಕಾಗಿ ಮಾಡಬೇಕು? ಕೊರಿಯಾದ ಸಂಸ್ಥೆಯೊಂದು ತಯಾರಿಸಿದ ಮೆಮೊರಿ ಚಿಪ್ಪುಗಳು, ತೈವಾನಿನ ಇನ್ನೊಂದು ಸಂಸ್ಥೆಯ ಮದರ್‌ಬೋರ್ಡು, ಚೀನಾದ ಯಾವುದೋ ಊರಿನಲ್ಲಿ ತಗಡು ಮಡಿಸಿ ಮಾಡಿದ ಪೆಟ್ಟಿಗೆ, ಒಂದೇ ವಸ್ತುವಾಗಿದ್ದರೂ ಜನ್ಮಭೂಮಿ ಒಂದೇ ಎಂದು ಹೇಳಲಾಗದ ಪ್ರೊಸೆಸರು, ಹೀಗೆ ಪರಸ್ಪರ ಮುಖವನ್ನು ಕಾಣದ ಎಷ್ಟೋ ಮಂದಿ ತಯಾರಕರ ಕೃತಿಗಳು, ಸ್ಕ್ರೂಡ್ರೈವರೊಂದರ ಹೊರತು ಬೇರೆ ಆಯುಧವಿಲ್ಲದ ಸಾಮಾನ್ಯ ಗೃಹಸ್ಥನ ಕೈಯಲ್ಲಿ, ತೂತಿಗೆ ತೂತು, ಹಲ್ಲಿಗೆ ಹಲ್ಲು ಸರಿಯಾಗಿ ಕೂತುಕೊಳ್ಳುತ್ತವೆಯಲ್ಲ, ಆ ಹೊಂದಿಕೆಯನ್ನು ಬೆರಳತುದಿಯಿಂದ ಅರಿಯುವುದಕ್ಕೆ ಇದಕ್ಕಿಂತ ಸುಲಭವಾದ ಉಪಾಯ ನನಗೆ ಕಾಣದು. ಪ್ರೊಸೆಸರಿನ ಜನ್ಮಭೂಮಿಯ ಮಾತನ್ನು ನಾನು ಅಲಂಕಾರಕ್ಕಾಗಿ ಆಡಲಿಲ್ಲ. ಎ.ಎಂ.ಡಿ. ಸಂಸ್ಥೆಯ ರೈಜನ್ ಎಂಬ ಹೆಸರಿನ ಪ್ರೊಸೆಸರುಗಳಲ್ಲಿ ಹಲವುಗಳ ಲೋಹದ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದರೆ ಅಮೆರಿಕಾ, ತೈವಾನ್, ಚೀನಾ ಎಂಬ ಮೂರು ದೇಶಗಳ ಹೆಸರನ್ನೂ ಒಟ್ಟಿಗೆ ಕೆತ್ತಿರುವುದು ಕಾಣುತ್ತದೆ. ರಾಜಕಾರಣದಲ್ಲಿ ಈ ಮೂರೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಪತ್ರಿಕೆ ಓದುವ ತಮಗೆ ನಾನು ಹೇಳಬೇಕಾದುದಿಲ್ಲ.

ಈ ಹೊಂದಿಕೆ ತಾನಾಗಿ ಉಂಟಾದದ್ದಲ್ಲ. ಹಾಗೆಂದು ಯಾರೋ ಪುಣ್ಯಾತ್ಮರು ಲೋಕೋಪಕಾರಾರ್ಥವಾಗಿ ಸಂಕಲ್ಪಿಸಿ ಮಾಡಿದ್ದೂ ಅಲ್ಲ. 1975ರ ಜನವರಿಯಲ್ಲಿ ಅಮೆರಿಕಾದ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಎಂಬ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಯಂತ್ರದ ಚಿತ್ರ ಪ್ರಕಟವಾಯಿತು. ಅದನ್ನು ಬಿಡಿಭಾಗಗಳ ಕಟ್ಟಾಗಿ ಅಂಚೆಯಲ್ಲಿ ತರಿಸಿಕೊಂಡವರು ಬೆಸುಗೆಯ ಕಡ್ಡಿ ಹಿಡಿದು ಒಂದೊಂದು ಕಾಲನ್ನೂ ತಾವೇ ಬೆಸೆಯಬೇಕಾಗಿತ್ತು. ಅಷ್ಟೆಲ್ಲ ಶ್ರಮಪಟ್ಟ ತರುವಾಯ ಅವರಿಗೆ ಲಭಿಸುತ್ತಿದ್ದುದು ಪರದೆಯೂ ಇಲ್ಲದ, ಕೀಲಿಮಣೆಯೂ ಇಲ್ಲದ, ಮುಂಭಾಗದಲ್ಲಿ ಸ್ವಿಚ್ಚುಗಳನ್ನೂ ಕೆಂಪು ದೀಪಗಳನ್ನೂ ಮಾತ್ರ ಹೊಂದಿದ್ದ, 256 ಬೈಟುಗಳ ಸ್ಮರಣಶಕ್ತಿಯ ಒಂದು ಪೆಟ್ಟಿಗೆ. ಅದರಿಂದ ಏನು ಪ್ರಯೋಜನವೆಂದು ಕೇಳಿದವರಿಗೆ ದೀಪಗಳನ್ನು ಮಿನುಗಿಸಿ ತೋರಿಸುವುದಷ್ಟೇ ಸಾಧ್ಯವಿದ್ದಿತು. ಆದರೂ ಜನ ಮುಗಿಬಿದ್ದು ಕೊಂಡರು.

ನಿಜವಾದ ತಿರುವು ಒದಗಿದ್ದು 1981ರ ಆಗಸ್ಟ್ 12ರಂದು. ಅಂದು ಐ.ಬಿ.ಎಂ. ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಲೋಕಕ್ಕೆ ಪ್ರಕಟಿಸಿತು. ಪ್ರತಿಯೊಂದು ಅಂಗವನ್ನೂ ತಾನೇ ನಿರ್ಮಿಸಿ ತಾನೇ ಕಾಪಾಡಿಕೊಳ್ಳುತ್ತಿದ್ದ ಆ ಮಹಾಸಂಸ್ಥೆ ಈ ಬಾರಿ ಮಾತ್ರ ಬಹು ಅವಸರದಲ್ಲಿದ್ದಿತು. ಫ್ಲಾರಿಡಾದ ಬೋಕಾ ರಟಾನ್ ಎಂಬಲ್ಲಿ ಡಾನ್ ಎಸ್ಟ್ರಿಜ್ ಎಂಬವರ ನೇತೃತ್ವದ ಸಣ್ಣ ತಂಡವೊಂದು ಸುಮಾರು ಒಂದು ವರ್ಷದೊಳಗೆ ಯಂತ್ರವನ್ನು ಮಾರುಕಟ್ಟೆಗೆ ತರಬೇಕಾಗಿದ್ದುದರಿಂದ, ಪ್ರೊಸೆಸರನ್ನು ಇಂಟೆಲಿನಿಂದಲೂ ತಂತ್ರಾಂಶವನ್ನು ಮೈಕ್ರೋಸಾಫ್ಟಿನಿಂದಲೂ ಪಡೆದು, ಉಳಿದುವನ್ನು ಹೊರಗೆ ಸಿಕ್ಕಿದಲ್ಲಿ ಕೊಂಡು ಜೋಡಿಸಿತು. ಎಂದರೆ, ತಾವು ಸ್ವಲ್ಪ ಯೋಚಿಸಿದರೆ, ಐ.ಬಿ.ಎಂ. ಮಾಡಿದ್ದೂ ಈಗ ನಮ್ಮ ಹುಡುಗರು ಮನೆಯಲ್ಲಿ ಮಾಡುವ ಕೆಲಸವನ್ನೇ. ಅಷ್ಟೇ ಅಲ್ಲದೆ, ಹೊರಗಿನವರು ಈ ಯಂತ್ರಕ್ಕೆ ಜೋಡಿಸತಕ್ಕ ಉಪಕರಣಗಳನ್ನು ಮಾಡಲಿ ಎಂಬ ಉದ್ದೇಶದಿಂದ ಅದರ ಮಂಡಲಗಳ ನಕ್ಷೆಯನ್ನೂ, ಯಂತ್ರ ಎಚ್ಚರಗೊಂಡಾಗ ಮೊದಲು ನಡೆಯುವ ಬಯಾಸ್ ಎಂಬ ಕ್ರಮವಿಧಿಯ ಪೂರ್ಣ ಪಾಠವನ್ನೂ ಪುಸ್ತಕವಾಗಿ ಅಚ್ಚುಹಾಕಿಸಿ ಮಾರಿತು. ಗ್ರಂಥಸ್ವಾಮ್ಯದ ರಕ್ಷೆ ಇದ್ದದ್ದು ಆ ಬಯಾಸಿಗೆ ಮಾತ್ರ. ಕಾಂಪ್ಯಾಕ್ ಎಂಬ ಹೊಸ ಕಂಪನಿಯವರು ಏನು ಮಾಡಿದರೆಂದರೆ, ಒಂದು ಗುಂಪಿನವರಿಂದ ಅದನ್ನು ಓದಿಸಿ ಅದು ಮಾಡುವ ಕೆಲಸವೇನೆಂಬುದನ್ನು ಮಾತ್ರ ಬರೆಯಿಸಿಕೊಂಡು, ಮೂಲವನ್ನು ಕಣ್ಣಿನಿಂದಲೂ ಕಾಣದ ಇನ್ನೊಂದು ಗುಂಪಿನವರಿಂದ ಅದೇ ಕೆಲಸ ಮಾಡುವ ಬೇರೊಂದನ್ನು ಹೊಸದಾಗಿ ಬರೆಯಿಸಿದರು. ಅಲ್ಲಿಗೆ ಕೋಟೆಯ ಬಾಗಿಲು ತೆರೆಯಿತು. ಐ.ಬಿ.ಎಂ. 1987ರಲ್ಲಿ ಪಿ.ಎಸ್./2 ಎಂಬ ಹೊಸ ಮಾದರಿಯನ್ನು ತಂದು ಬಾಗಿಲನ್ನು ಮತ್ತೆ ಮುಚ್ಚಲು ಯತ್ನಿಸಿದಾಗ ಅದರ ಹಿಂದೆ ಹೋಗುವವರು ಹೆಚ್ಚು ಮಂದಿ ಇರಲಿಲ್ಲ. ಅಷ್ಟರೊಳಗೆ ಅಳತೆಗಳು ಊರಿನ ಸ್ವತ್ತಾಗಿಬಿಟ್ಟಿದ್ದುವು. 1995ರಲ್ಲಿ ಇಂಟೆಲ್ ಸಂಸ್ಥೆ ಎ.ಟಿ.ಎಕ್ಸ್. ಎಂಬ ಪ್ರಮಾಣವನ್ನು ಪ್ರಕಟಿಸಿತು: ಮದರ್‌ಬೋರ್ಡಿನ ಅಳತೆ 305 ಮಿಲಿಮೀಟರಿಗೆ 244 ಮಿಲಿಮೀಟರು, ಸ್ಕ್ರೂ ತೂತುಗಳು ಇಂತಿಂಥಲ್ಲಿ, ಹಿಂಬದಿಯ ಕಿಂಡಿ ಇಷ್ಟಗಲ. ಆ ತೂತುಗಳು ಈಗಲೂ ಅಲ್ಲಿಯೇ ಇವೆ. ಒಬ್ಬರ ಅವಸರ, ಇನ್ನೊಬ್ಬರ ಜಾಣತನ, ಮತ್ತೊಬ್ಬರ ವ್ಯಾಪಾರಬುದ್ಧಿ, ಇವು ಮೂರೂ ಸೇರಿ ಮಾಡಿದ ಉಪಕಾರವನ್ನು ಬೆಂಗಳೂರಿನಲ್ಲಿ ಕಂಪ್ಯೂಟರಿನ ಬಿಡಿಭಾಗಗಳು ಸಿಗುವ ಎಸ್.ಪಿ. ರಸ್ತೆಯ ಗಿರಾಕಿ ಈಗ ಅನುಭವಿಸುತ್ತಿದ್ದಾನೆ.

ಇಲ್ಲಿ ಒಂದು ಮಾತನ್ನು ಬಾನುಲಿಯ ಮರ್ಯಾದೆಗಾಗಿಯಾದರೂ ಹೇಳದೆ ಮುಂದೆ ಹೋಗಲಾರೆ. ಮನೆಯಲ್ಲಿ ಯಂತ್ರ ಕಟ್ಟುವ ಹವ್ಯಾಸ ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದ ಸಂಗತಿ ತಮಗೆಲ್ಲ ತಿಳಿದದ್ದೇ. ಅನಂತರದ ತಲೆಮಾರಿನಲ್ಲಿ ಕವಾಟಗಳನ್ನೂ ಸುರುಳಿಗಳನ್ನೂ ಕೂಡಿಸಿ ರೇಡಿಯೋ ಕಟ್ಟುತ್ತಿದ್ದ ಹವ್ಯಾಸಿಗಳು ಊರಿಗೊಬ್ಬರಿಬ್ಬರಾದರೂ ಇದ್ದರು. ಅವರ ಮುಂದೆ ಈಗಿನ ಜೋಡಣೆಗಾರನು ಬೀಗುವುದಕ್ಕೆ ಕಾರಣವಿಲ್ಲ. ಸುರುಳಿಯನ್ನು ಕೈಯಾರೆ ಸುತ್ತಿ, ಬೆಸುಗೆಯ ಹೊಗೆ ಕುಡಿದು, ಕೊನೆಗೆ ಶಿಳ್ಳೆಯೋ ಸಂಗೀತವೋ ತಿಳಿಯದ ಧ್ವನಿಯನ್ನು ಹೊರಡಿಸಿದವನು ನಿಜವಾಗಿ ಏನನ್ನೋ ನಿರ್ಮಿಸಿದನು; ನಾವಾದರೋ ಆಗಲೇ ನಿರ್ಮಿತವಾದುವನ್ನು ಅವು ಸೇರಬೇಕಾದ ಸ್ಥಾನಕ್ಕೆ ಸೇರಿಸುವವರು ಮಾತ್ರ. ಈ ವಿವೇಕ ಮೊದಲೇ ಇದ್ದರೆ ಅಳುಕೂ ಅರ್ಧ ಕಡಮೆಯಾಗುತ್ತದೆ.

ನನ್ನ ತಮ್ಮನ ಮಗಳು ಎಂಜಿನಿಯರಿಂಗ್ ಕಾಲೇಜಿಗೆ ಸೇರಿದಾಗ ಅವಳಿಗೊಂದು ಕಂಪ್ಯೂಟರು ಬೇಕಾಯಿತು. ಲ್ಯಾಪ್‌ಟಾಪು ಬೇಡ, ಬಿಡಿಭಾಗ ತಂದು ನಾವೇ ಕೂಡಿಸೋಣವೆಂದು ಅವಳು ಹಠಹಿಡಿದಳು. ಮೊದಲೆಂದೂ ಆ ಕೆಲಸ ಮಾಡಿರದಿದ್ದರೂ ಹಿರಿಯನೆಂಬ ಒಂದೇ ಅರ್ಹತೆಯಿಂದ ನಾನು ಜೊತೆಗೆ ಹೊರಟೆ. ದೆಹಲಿಯವರಿಗೆ ನೆಹರೂ ಪ್ಲೇಸ್, ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯವರಿಗೆ ರಿಚಿ ಸ್ಟ್ರೀಟ್ ಹೇಗೋ ಹಾಗೆ ನಮಗೆ ಪುರಭವನದ ಹತ್ತಿರದ ಎಸ್.ಪಿ. ರಸ್ತೆ. ಕೈಗಾಡಿ, ಆಟೋರಿಕ್ಷಾ, ತಲೆಯ ಮೇಲೆ ಮಾನಿಟರಿನ ಪೆಟ್ಟಿಗೆ ಹೊತ್ತ ಆಳು, ಇವರೆಲ್ಲರಿಗೂ ದಾರಿ ಬಿಡುತ್ತ ನಡೆದು, ಕಿರಿದಾದ ಮೆಟ್ಟಿಲು ಹತ್ತಿ ಒಂದು ಅಂಗಡಿಯನ್ನು ಹೊಕ್ಕೆವು.

"ಏನ್ ಪರ್ಪಸ್‌ಗೆ ಸರ್? ಗೇಮಿಂಗಾ, ಎಡಿಟಿಂಗಾ, ಇಲ್ಲಾ ಆಫೀಸ್ ಯೂಸಾ?" ಎಂದು ಅಂಗಡಿಯಾತ ಕೇಳಿದನು.

"ಓದುವುದಕ್ಕೆ" ಎಂದು ನಾನೂ, "ಪ್ರೋಗ್ರಾಮಿಂಗ್‌ಗೆ" ಎಂದು ಅವಳೂ ಏಕಕಾಲದಲ್ಲಿ ನುಡಿದೆವು. ಅವನು ಅವಳ ಮಾತನ್ನು ಮಾತ್ರ ಕೇಳಿಸಿಕೊಂಡು, ಚೀಟಿಯ ಮೇಲೆ ಕೊಟೇಷನ್ ಬರೆಯತೊಡಗಿದನು.

"ಅಸೆಂಬಲ್ ನಾವೇ ಮಾಡ್ಕೊಡ್ತೀವಿ ಸರ್, ಅರ್ಧ ಗಂಟೆ ಅಷ್ಟೆ."

"ಬೇಡಪ್ಪ, ಮನೆಯಲ್ಲಿ ನಾವೇ ಮಾಡಿಕೊಳ್ಳುತ್ತೇವೆ."

"ಮಾಡ್ಕೊಳಿ ಸರ್. ಆದ್ರೆ ಪಿನ್ ಬೆಂಡ್ ಆದ್ರೆ ವಾರಂಟಿ ಬರಲ್ಲ, ಈಗ್ಲೇ ಹೇಳಿದೀನಿ."

ಈ ಕೊನೆಯ ವಾಕ್ಯದ ಅರ್ಥಗಾಂಭೀರ್ಯ ನನಗೆ ವೇದ್ಯವಾದದ್ದು ಮನೆಗೆ ಬಂದ ಮೇಲೆ. ಅದಿರಲಿ, ಕೊಳ್ಳುವಾಗಲೇ ತಿಳಿದಿರಬೇಕಾದ ಕೆಲವು ಸೂಕ್ಷ್ಮಗಳುಂಟು. ನಾವು ಆರಿಸಿದ ಪ್ರೊಸೆಸರು ರೈಜನ್ 5 5600ಜಿ ಎಂಬುದು. ಆರು ಕೋರುಗಳು, ಜೊತೆಗೆ ಚಿತ್ರಗಳನ್ನು ಪರದೆಗೆ ಕಳುಹಿಸತಕ್ಕ ಗ್ರಾಫಿಕ್ಸ್ ಭಾಗವೂ ಅದರೊಳಗೇ ಅಡಕ. ಕೊನೆಯ ಆ 'ಜಿ' ಅಕ್ಷರವನ್ನು ಬಿಟ್ಟು ಬರಿಯ 5600 ಕೊಂಡವನು, ಬೇರೆ ಗ್ರಾಫಿಕ್ಸ್ ಕಾರ್ಡು ತರದಿದ್ದಲ್ಲಿ, ಎಲ್ಲವನ್ನೂ ನಿರ್ದುಷ್ಟವಾಗಿ ಜೋಡಿಸಿ ಕಪ್ಪು ಪರದೆಯನ್ನು ನೋಡುತ್ತ ಕುಳಿತಿರಬೇಕಾಗುತ್ತದೆ. ಇಂಟೆಲಿನವರಲ್ಲಿ 'ಎಫ್' ಅಕ್ಷರ ಕೊನೆಗೆ ಬಂದರೆ ಅದೇ ಗತಿ. ಮದರ್‌ಬೋರ್ಡಿನ ವಿಷಯದಲ್ಲಿ ಇನ್ನೊಂದು ಗೂಢವಾದ ತೊಡಕಿದೆ. ಬಿ550 ಎಂಬ ವರ್ಗದ ಬೋರ್ಡುಗಳು 2020ರಲ್ಲಿ ಬಂದುವು, ಈ ಪ್ರೊಸೆಸರು ಅಂಗಡಿಗೆ ಬಂದದ್ದು 2021ರಲ್ಲಿ. ಆದುದರಿಂದ ಹಳೆಯ ದಾಸ್ತಾನಿನ ಬೋರ್ಡಾದರೆ ಅದರ ಬಯಾಸಿಗೆ ತನ್ನ ಅನಂತರ ಹುಟ್ಟಿದ ಈ ಪ್ರೊಸೆಸರಿನ ಗುರುತೇ ಇರುವುದಿಲ್ಲ. ಅಂಗಡಿಯಲ್ಲಿಯೇ ಕೇಳಿ ಬಯಾಸನ್ನು ಹೊಸದು ಮಾಡಿಸಿಕೊಳ್ಳುವುದು ಕ್ಷೇಮ. ಮೆಮೊರಿಯನ್ನು 16 ಜಿ.ಬಿ.ಯ ಒಂದು ಪಟ್ಟಿಯಾಗಿ ತರದೆ 8ರ ಎರಡು ಪಟ್ಟಿಗಳಾಗಿ ತಂದರೆ ಎರಡು ಮಾರ್ಗಗಳಲ್ಲಿ ಏಕಕಾಲಕ್ಕೆ ಸಂಚಾರ ನಡೆದು, ಇಂಥ ಪ್ರೊಸೆಸರಿಗೆ ವಿಶೇಷ ಲಾಭವಾಗುತ್ತದೆ. ಉಳಿದದ್ದು 500 ಜಿ.ಬಿ.ಯ ಎಸ್.ಎಸ್.ಡಿ., ಒಂದು ಕ್ಯಾಬಿನೆಟ್ಟು. ಇವುಗಳಲ್ಲಿ ಬುದ್ಧಿ ಖರ್ಚು ಮಾಡಬೇಕಾದುದು ಬಹಳವೇನಿಲ್ಲ.

ಬುದ್ಧಿಯನ್ನೂ ಹಣವನ್ನೂ ಖರ್ಚುಮಾಡಬೇಕಾದುದು ಎಸ್.ಎಂ.ಪಿ.ಎಸ್. ವಿಷಯದಲ್ಲಿ, ಈ ಒಂದು ಸಂಗತಿಯಲ್ಲಿ ನಾನು ಹಠವಾದಿಯೆಂದು ಬೇಕಾದರೂ ತಾವು ಕರೆಯಬಹುದು. ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5, 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಮಾರ್ಪಡಿಸಿ ಎಲ್ಲ ಅವಯವಗಳಿಗೂ ಉಣಿಸುವ ಈ ಪೆಟ್ಟಿಗೆ ಕೆಟ್ಟಿತೆಂದರೆ ತಾನೊಂದೇ ಕೆಡದೆ ತನ್ನನ್ನು ನಂಬಿದವರನ್ನೂ ಕೆಡಿಸುವ ಸ್ವಭಾವದ್ದು. ಅಗ್ಗದ ಕ್ಯಾಬಿನೆಟ್ಟಿನೊಡನೆ ಉಚಿತವೆಂಬಂತೆ ಬರುವ ಹಗುರವಾದ ಎಸ್.ಎಂ.ಪಿ.ಎಸ್.ಗಳ ಮೈಮೇಲೆ ಎಷ್ಟು ವ್ಯಾಟೆಂದು ಅಚ್ಚಾಗಿದ್ದರೂ ಅದನ್ನು ನಂಬಿ ಕೂರತಕ್ಕದ್ದಲ್ಲ. ನಮ್ಮ ಬಡಾವಣೆಗಳಲ್ಲಿ ಮಳೆಗಾಲದ ಸಂಜೆ ವೋಲ್ಟೇಜು ಏರಿಳಿಯುವುದನ್ನು ಕಂಡವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. 80 ಪ್ಲಸ್ ಬ್ರಾಂಜ್ ಎಂಬ ಮುದ್ರೆಯಿರುವುದು, ಅರ್ಧ ಭಾರ ಹೊತ್ತಾಗ ಒಳಗೆ ತೆಗೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ 85ರಷ್ಟನ್ನಾದರೂ ಹೊರಗೆ ಕೊಡುತ್ತದೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ನಾವು ಕೊಂಡಂಥ ಯಂತ್ರ ಎಷ್ಟೇ ದುಡಿದರೂ 150 ವ್ಯಾಟನ್ನು ಮುಟ್ಟುವುದು ವಿರಳ, ಹಾಗಿದ್ದರೂ 450 ವ್ಯಾಟಿನದನ್ನು ತಂದೆವು. ಏತಕ್ಕೆಂಬುದನ್ನು ಆಮೇಲೆ ಹೇಳುತ್ತೇನೆ.

ಜೋಡಿಸಲು ಕುಳಿತ ಹೊಸಬನಿಗೆ ಇರುವ ಮೊದಲ ಭಯ ವಿದ್ಯುದಾಘಾತದ್ದು. ಪ್ಲಗ್ಗು ಹಾಕದಿರುವ ತನಕ ಆ ಭಯಕ್ಕೆ ಆಸ್ಪದವಿಲ್ಲ, ಎಸ್.ಎಂ.ಪಿ.ಎಸ್. ಒಂದನ್ನು ಮಾತ್ರ ಎಂದಿಗೂ ಬಿಚ್ಚಬಾರದು. ವಾಸ್ತವವಾಗಿ ಅಪಾಯವಿರುವುದು ಯಂತ್ರದಿಂದ ನಮಗಲ್ಲ, ನಮ್ಮಿಂದ ಯಂತ್ರಕ್ಕೆ. ಮಾಘ ಫಾಲ್ಗುಣಗಳ ಒಣಹವೆಯಲ್ಲಿ ನೈಲಾನ್ ಬಟ್ಟೆಯುಟ್ಟು ಓಡಾಡಿದವನ ಮೈಯಲ್ಲಿ ಸಾವಿರಾರು ವೋಲ್ಟುಗಳ ಸ್ಥಿರವಿದ್ಯುತ್ತು ಸಂಗ್ರಹವಾಗಬಹುದು. ಸುಮಾರು ಮೂರು ಸಾವಿರ ವೋಲ್ಟು ದಾಟಿದ ಹೊರತು ಅದು ನಮ್ಮ ಚರ್ಮಕ್ಕೆ ತಿಳಿಯುವುದೇ ಇಲ್ಲ, ಆದರೆ ಸೂಕ್ಷ್ಮವಾದ ಚಿಪ್ಪುಗಳಿಗೆ ಅದರಲ್ಲಿ ಅತ್ಯಲ್ಪ ಭಾಗವೇ ಮಾರಕ. ಹತ್ತಿಯ ಬಟ್ಟೆ ಉಟ್ಟು, ಆಗಾಗ್ಗೆ ಬಣ್ಣ ಬಳಿಯದ ಲೋಹವನ್ನು ಮುಟ್ಟುತ್ತಿದ್ದರೆ ಸಾಕು. ಅದಕ್ಕಿಂತ ಮುಖ್ಯವಾದುದು ಮನೆಯ ಅರ್ಥಿಂಗ್. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ಟಿದ್ದರೂ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದಿರುವುದುಂಟು. ಎಸ್.ಎಂ.ಪಿ.ಎಸ್. ಒಳಗೆ ವಿದ್ಯುತ್ತಿನ ಕಲ್ಮಷವನ್ನು ಸೋಸುವುದಕ್ಕಾಗಿ ತಂತಿಗಳಿಗೂ ಲೋಹದ ಕವಚಕ್ಕೂ ನಡುವೆ ಪುಟ್ಟ ಕೆಪಾಸಿಟರುಗಳನ್ನು ಇಟ್ಟಿರುತ್ತಾರೆ. ಅರ್ಥಿಂಗ್ ಇಲ್ಲದಿದ್ದಲ್ಲಿ ಅವುಗಳ ಮೂಲಕ ಕವಚದ ಮೇಲೆ ಅರ್ಧದಷ್ಟು ವೋಲ್ಟೇಜು ಬಂದು ನಿಲ್ಲುತ್ತದೆ. ಕ್ಯಾಬಿನೆಟ್ಟನ್ನು ಮುಟ್ಟಿದಾಗ ಬೆರಳು ಜುಮ್ಮೆಂದರೆ ಕಂಪ್ಯೂಟರನ್ನು ಬೈಯದೆ ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು.

ಈಗ ಪ್ರೊಸೆಸರಿನ ಮಾತು. 40 ಮಿಲಿಮೀಟರು ಚೌಕದ ಆ ಹಲ್ಲೆಯನ್ನು ಮಗುಚಿ ನೋಡಿದರೆ 1331 ಸೂಕ್ಷ್ಮವಾದ ಚಿನ್ನದ ಲೇಪದ ಪಿನ್ನುಗಳು ಸಾಲುಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಒಂದು ಬಾಗಿದರೂ ಅಂಗಡಿಯಾತನ ಎಚ್ಚರಿಕೆ ಅನ್ವಯವಾಗುತ್ತದೆ. ಇಂಟೆಲಿನವರು 2004ರಿಂದೀಚೆಗೆ ಪಿನ್ನುಗಳನ್ನು ಪ್ರೊಸೆಸರಿನಿಂದ ತೆಗೆದು ಬೋರ್ಡಿಗೆ ವರ್ಗಾಯಿಸಿದರು, ಎ.ಎಂ.ಡಿ.ಯವರೂ 2022ರ ಸಾಕೆಟ್ಟಿನಲ್ಲಿ ಅದನ್ನೇ ಅನುಸರಿಸಿದರು; ಅದರಿಂದ ಭಯವೂ ಪ್ರೊಸೆಸರಿನಿಂದ ಬೋರ್ಡಿಗೆ ವರ್ಗವಾಯಿತೇ ಹೊರತು ಇಲ್ಲದಾಗಲಿಲ್ಲ. ಹಲ್ಲೆಯ ಒಂದು ಮೂಲೆಯಲ್ಲಿ ಪುಟ್ಟದೊಂದು ಚಿನ್ನದ ತ್ರಿಕೋಣವೂ ಸಾಕೆಟ್ಟಿನ ಒಂದು ಮೂಲೆಯಲ್ಲಿ ಅದರ ಜೋಡಿಯೂ ಇರುತ್ತವೆ. ಪಕ್ಕದ ಸಣ್ಣ ಸನ್ನೆಯನ್ನು ಮೇಲೆತ್ತಿ, ತ್ರಿಕೋಣಕ್ಕೆ ತ್ರಿಕೋಣ ಸೇರಿಸಿ, ಪ್ರೊಸೆಸರನ್ನು ಸಾಕೆಟ್ಟಿನ ಮೇಲೆ ಇಟ್ಟು ಕೈಬಿಡಬೇಕು. ಅದು ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಇಳಿಯದಿದ್ದರೆ ಎತ್ತಿ ಮತ್ತೆ ಇಡಬೇಕಲ್ಲದೆ ಒತ್ತಲೇಕೂಡದು. ಸನ್ನೆಯನ್ನು ಕೆಳಗೊತ್ತಿ ಕೊಕ್ಕೆಗೆ ಸಿಕ್ಕಿಸಿದರೆ ಮುಗಿಯಿತು. ಇಷ್ಟು ಬೆಲೆಬಾಳುವ ವಸ್ತುವಿಗೆ ಇಷ್ಟು ಸ್ವಲ್ಪ ಶ್ರಮವೇ ಎಂದು ನಾವಿಬ್ಬರೂ ಬೆರಗಾದೆವು.

ಇದರ ತರುವಾಯ ಮೆಮೊರಿ ಪಟ್ಟಿಗಳ ಸರದಿ. ಇಲ್ಲಿ ಶಾಸ್ತ್ರ ಪೂರ್ತಿ ತಿರುವುಮುರುವು. ಪಟ್ಟಿಯ ಕೆಳ ಅಂಚಿನಲ್ಲಿ 288 ಸಂಪರ್ಕಗಳಿದ್ದು, ಮಧ್ಯದಿಂದ ಕೊಂಚ ಸರಿದು ಒಂದು ಕಚ್ಚು ಇರುತ್ತದೆ. ಡಿ.ಡಿ.ಆರ್.5 ಎಂಬ ಹೊಸ ತಲೆಮಾರಿನದರಲ್ಲಿಯೂ ಸಂಪರ್ಕಗಳು 288 ಇದ್ದರೂ ಕಚ್ಚಿನ ಸ್ಥಾನ ಬೇರೆ; ಹಾಗಾಗಿ ನಮ್ಮ ಬೋರ್ಡಿನ ಡಿ.ಡಿ.ಆರ್.4ರ ಸ್ಲಾಟಿಗೆ ಅದನ್ನು ತುರುಕಲು ಮೂರ್ಖನಿಗೂ ಸಾಧ್ಯವಾಗದಂತೆ ಏರ್ಪಾಡಾಗಿದೆ. ನಾಲ್ಕು ಸ್ಲಾಟುಗಳಿರುವ ಬೋರ್ಡಿನಲ್ಲಿ, ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ನನ್ನ ತಮ್ಮನ ಮಗಳು ಕಚ್ಚನ್ನು ಸರಿನೋಡಿ ಪಟ್ಟಿಯನ್ನಿಟ್ಟು ಒತ್ತಿದಳು.

"ದೊಡ್ಡಪ್ಪ, ಇದು ಒಳಗೆ ಹೋಗ್ತಾ ಇಲ್ಲ."

"ಇನ್ನೂ ಸ್ವಲ್ಪ ಬಲವಾಗಿ ಒತ್ತಮ್ಮ."

"ಬೋರ್ಡೇ ಬಗ್ತಾ ಇದೆ. ಮುರಿದುಹೋದ್ರೆ?"

ಮುರಿಯುವುದಿಲ್ಲ. ಎರಡೂ ತುದಿಗಳಲ್ಲಿ ಹೆಬ್ಬೆಟ್ಟುಗಳನ್ನಿಟ್ಟು ಸಮವಾಗಿ, ನಾವು ಉಚಿತವೆಂದು ಭಾವಿಸುವುದಕ್ಕಿಂತ ಅಧಿಕವಾದ ಬಲದಿಂದ ಒತ್ತಿದಾಗ ಟಕ್ಕೆಂಬ ಧ್ವನಿಯೊಡನೆ ಕೊಕ್ಕೆ ಬೀಳುತ್ತದೆ. ಆ ಧ್ವನಿ ಕೇಳಿಬರುವ ತನಕ ಮೆಮೊರಿ ಕೂತಿಲ್ಲವೆಂದೇ ತಿಳಿಯತಕ್ಕದ್ದು. ಹೊಸಬರು ಜೋಡಿಸಿದ ಯಂತ್ರ ಎಚ್ಚರಗೊಳ್ಳದಿರುವುದಕ್ಕೆ ಅರೆಬರೆ ಕೂತ ಮೆಮೊರಿಯೇ ಅನೇಕ ವೇಳೆ ಕಾರಣ. ಒಂದೆಡೆ ಬಲಪ್ರಯೋಗ ಮಹಾಪರಾಧ, ಅಲ್ಲಿಂದ ಎರಡಂಗುಲ ಈಚೆಗೆ ಬಲಪ್ರಯೋಗ ಮಾಡದಿರುವುದೇ ಅಪರಾಧ: ಈ ವಿದ್ಯೆಯಲ್ಲಿ ಕಲಿಯಬೇಕಾದುದು ಇದೊಂದೇ ಎಂದರೂ ತಪ್ಪಾಗಲಾರದು. ಪುಸ್ತಿಕೆಗಳಲ್ಲಿ ಚಿತ್ರವಿರುತ್ತದೆ, ಬಾಣದ ಗುರುತಿರುತ್ತದೆ. ಎಷ್ಟು ಬಲವೆಂಬುದು ಮಾತ್ರ ಬರೆದಿರುವುದಿಲ್ಲ.

ಪ್ರೊಸೆಸರಿನ ಮೇಲೆ ಕೂರಿಸುವ ಶೀತಕ, ಅಂದರೆ ಅಂಗಡಿಯವರ ಕೂಲರು, ಈ ಪ್ರೊಸೆಸರಿನ ಪೆಟ್ಟಿಗೆಯಲ್ಲಿಯೇ ಬರುತ್ತದೆ. ಅದರ ಅಡಿಯಲ್ಲಿ ಬೂದುಬಣ್ಣದ ಅಂಟಾದ ಲೇಪವೊಂದನ್ನು ಕಾರ್ಖಾನೆಯಲ್ಲಿಯೇ ಬಳಿದಿರುತ್ತಾರೆ. ಕೊಳೆಯೆಂದು ಭಾವಿಸಿ ಅದನ್ನು ಒರೆಸಿಬಿಡುವ ಶುಚಿವಂತರಿದ್ದಾರೆ. ಎರಡು ಲೋಹದ ಮೈಗಳು ಎಷ್ಟೇ ನುಣುಪಾಗಿ ಕಂಡರೂ ಅವುಗಳ ನಡುವೆ ಅಸಂಖ್ಯ ಸೂಕ್ಷ್ಮರಂಧ್ರಗಳಿದ್ದು ಅಲ್ಲೆಲ್ಲ ಗಾಳಿ ಸೇರಿಕೊಂಡಿರುತ್ತದೆ. ಗಾಳಿಯಷ್ಟು ಶಾಖವನ್ನು ತಡೆಯುವ ವಸ್ತು ಬೇರೆ ವಿರಳ. ಕಂಬಳಿ ಬೆಚ್ಚಗಿರುವುದು ಉಣ್ಣೆಯಿಂದಲ್ಲ, ಅದರ ಎಳೆಗಳಲ್ಲಿ ಸಿಕ್ಕಿಬಿದ್ದ ಗಾಳಿಯಿಂದ ಎಂಬುದು ತಮಗೆ ಗೊತ್ತೇ ಇದೆ. ಆ ಗಾಳಿಯನ್ನು ಹೊರದೂಡಿ ಶಾಖಕ್ಕೆ ದಾರಿ ಮಾಡಿಕೊಡುವುದೇ ಲೇಪದ ಕಾರ್ಯ. ಈ ಕೂಲರಿಗಾಗಿ ಬೋರ್ಡಿನ ಮೇಲಿರುವ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಬೇಕು. ಬಿಚ್ಚಿದ ತಕ್ಷಣ ಹಿಂಬದಿಯಲ್ಲಿ ಆಧಾರವಾಗಿದ್ದ ಲೋಹದ ಹಲಗೆ ಕಳಚಿ ಕೆಳಗೆ ಬೀಳುತ್ತದೆ, ಆದುದರಿಂದ ಇನ್ನೊಬ್ಬರು ಅದನ್ನು ಕೆಳಗಿನಿಂದ ಹಿಡಿದಿರುವುದು ಲೇಸು. ನಾಲ್ಕು ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗಬೇಕು. ಎಸ್.ಎಸ್.ಡಿ.ಯನ್ನು ಬೋರ್ಡಿನಲ್ಲಿ ಅದಕ್ಕೆಂದಿರುವ ಸ್ಲಾಟಿಗೆ ಓರೆಯಾಗಿ ತೂರಿಸಿ, ಅಡ್ಡಲಾಗಿ ಒತ್ತಿಹಿಡಿದು, ಕಣ್ಣಿಗೆ ಕಂಡೂ ಕಾಣದಂಥ ಸ್ಕ್ರೂವೊಂದರಿಂದ ಭದ್ರಪಡಿಸಬೇಕು. ಆ ಸ್ಕ್ರೂ ನೆಲಕ್ಕೆ ಬಿದ್ದರೆ ಮನೆಮಂದಿಗೆಲ್ಲ ಕೆಲಸ.

ಇಲ್ಲಿಗೆ ಬಂದ ಮೇಲೆ ಅನುಭವಿಗಳು ಮಾಡುವ, ಅವಸರದವರು ಬಿಟ್ಟುಬಿಡುವ ಒಂದು ಪರೀಕ್ಷೆಯುಂಟು. ಬೋರ್ಡನ್ನು ಕ್ಯಾಬಿನೆಟ್ಟಿನೊಳಗೆ ಕೂರಿಸುವುದಕ್ಕೆ ಮೊದಲೇ, ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಇಟ್ಟು, ಎಸ್.ಎಂ.ಪಿ.ಎಸ್.ನಿಂದ 24 ಪಿನ್ನಿನ ದೊಡ್ಡ ತಂತಿಗುಚ್ಛವನ್ನೂ ಪ್ರೊಸೆಸರಿಗೆಂದೇ ಇರುವ 8 ಪಿನ್ನಿನ ಇನ್ನೊಂದನ್ನೂ ಸಿಕ್ಕಿಸಿ, ಮಾನಿಟರು ಜೋಡಿಸಿ, ಪವರ್ ಸ್ವಿಚ್ಚಿಗೆ ಮೀಸಲಾದ ಎರಡು ಪುಟ್ಟ ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಬೇಕು. ಅಲ್ಲಿರುವುದು ಅಲ್ಪ ವೋಲ್ಟೇಜಾದುದರಿಂದ ಭಯವಿಲ್ಲ. ಫ್ಯಾನು ತಿರುಗಲಾರಂಭಿಸುತ್ತದೆ. ಪರದೆ ಮಾತ್ರ ಕಪ್ಪಾಗಿಯೇ ಉಳಿದಿರುತ್ತದೆ. ಈ ಅರ್ಧ ನಿಮಿಷವೋ ಒಂದು ನಿಮಿಷವೋ ಹೊಸಬನ ಪಾಲಿಗೆ ಬಹು ದೀರ್ಘವಾದುದು; ಏಕೆಂದರೆ ಬೋರ್ಡು ಮೊದಲ ಸಲ ತನ್ನ ಮೆಮೊರಿಯನ್ನು ಕಂಡು, ಅದರೊಡನೆ ಯಾವ ವೇಗದಲ್ಲಿ ಯಾವ ಅವಧಿಗೆ ಮಾತನಾಡಬೇಕೆಂಬುದನ್ನು ಪ್ರಯೋಗಮಾಡಿ ನಿಷ್ಕರ್ಷಿಸುತ್ತಿರುತ್ತದೆ, ಹೊಸಬನಾದರೋ ತಾನೇನನ್ನೋ ಸುಟ್ಟುಹಾಕಿದೆನೆಂದು ತಿಳಿದು ಪ್ಲಗ್ಗನ್ನು ಕಿತ್ತುಬಿಡುತ್ತಾನೆ. ಕೀಳದೆ ಕಾದಿದ್ದರೆ ಬಯಾಸಿನ ಮೊದಲ ಪುಟ ಮೂಡುತ್ತದೆ. ಹಲವು ಬೋರ್ಡುಗಳಲ್ಲಿ ಪ್ರೊಸೆಸರು, ಮೆಮೊರಿ, ಚಿತ್ರ, ಬೂಟು ಎಂದು ನಾಲ್ಕು ಚಿಕ್ಕ ದೀಪಗಳಿದ್ದು, ಯಾವುದು ಆರದೆ ಉಳಿಯುತ್ತದೆಯೋ ಅಲ್ಲಿ ದೋಷವೆಂದು ಅರ್ಥ. ಇದು ಸ್ವಂತ ಜೋಡಣೆಯ ಹೊರೆಯ ಮುಖವೂ ಹೌದು: ಇಡಿಯಾಗಿ ಕೊಂಡ ಯಂತ್ರ ಕೆಟ್ಟರೆ ಒಬ್ಬರನ್ನು ಕೇಳಿದರಾಯಿತು, ಇಲ್ಲಿ ಯಾರನ್ನು ಕೇಳಬೇಕೆಂಬುದನ್ನು ನಾವೇ ಪತ್ತೆಮಾಡಿ, ಆಯಾ ಭಾಗದ ವಾರಂಟಿಗೆ ಆಯಾ ಕಂಪನಿಯ ಬಾಗಿಲಿಗೆ ಹೋಗಬೇಕು.

ಕ್ಯಾಬಿನೆಟ್ಟಿನೊಳಗಿನ ಕೆಲಸ ಬೇಸರದ್ದು. ಅದನ್ನು ಬೇಗನೆ ಹೇಳಿಬಿಡುತ್ತೇನೆ. ಬೋರ್ಡು ತಗಡನ್ನು ಮುಟ್ಟದಂತೆ ಎತ್ತಿಹಿಡಿಯುವ ಹಿತ್ತಾಳೆಯ ಗೂಟಗಳು ಬೋರ್ಡಿನ ತೂತುಗಳ ಕೆಳಗೆ ಮಾತ್ರ ಇರಬೇಕು. ತೂತಿಲ್ಲದ ಕಡೆ ಒಂದು ಗೂಟ ಉಳಿದುಕೊಂಡರೆ ಅದು ಬೋರ್ಡಿನ ಬೆನ್ನಿಗೆ ತಗುಲಿ ವಿದ್ಯುತ್ತಿಗೆ ಅಡ್ಡದಾರಿ ಮಾಡಿಕೊಡುತ್ತದೆ. ಹಿಂಬದಿಯ ಕಿಂಡಿಗೆ ಹಾಕುವ ತಗಡಿನ ಫಲಕವನ್ನು ಬೋರ್ಡಿಗಿಂತ ಮೊದಲೇ ಹಾಕಬೇಕು, ಮರೆತರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಮುಂಭಾಗದ ಗುಂಡಿಗೂ ದೀಪಗಳಿಗೂ ಸಂಬಂಧಿಸಿದ ಎಳೆಯಂಥ ತಂತಿಗಳನ್ನು ಬೋರ್ಡಿನ ಮೂಲೆಯ ಪಿನ್ನುಗಳಿಗೆ ಸಿಕ್ಕಿಸುವಾಗ ಚಾಳೀಸು ಬಂದವರು ಕಿರಿಯರಿಗೆ ಸ್ಥಾನ ಬಿಟ್ಟುಕೊಡುವುದು ಮರ್ಯಾದೆ. ಸ್ವಿಚ್ಚಿನ ತಂತಿ ಹಿಂದುಮುಂದಾದರೂ ಬಾಧಕವಿಲ್ಲ, ದೀಪದ್ದು ಹಿಂದುಮುಂದಾದರೆ ದೀಪ ಉರಿಯುವುದಿಲ್ಲ, ಅಷ್ಟೆ.

ಬಯಾಸಿನ ಪುಟದಲ್ಲಿ ಎರಡು ಸಂಗತಿಗಳನ್ನು ನೋಡಿಕೊಂಡರೆ ಸಾಕು. ಪ್ರೊಸೆಸರಿನ ಉಷ್ಣತೆ ಕೋಣೆಗಿಂತ ಹತ್ತು ಹದಿನೈದು ಡಿಗ್ರಿ ಮೇಲಿದ್ದರೆ ಕೂಲರು ಸರಿಯಾಗಿ ಕೂತಿದೆಯೆಂದರ್ಥ. ನೋಡುತ್ತಿದ್ದಂತೆಯೇ 95 ಡಿಗ್ರಿಯ ಕಡೆಗೆ ಏರತೊಡಗಿದರೆ ಕೂಡಲೇ ಆರಿಸಬೇಕು. ಎರಡನೆಯದು ಮೆಮೊರಿಯ ವೇಗ: 3200 ಎಂದು ಹಣ ತೆತ್ತು ತಂದ ಪಟ್ಟಿ ಎಷ್ಟೋ ಸಲ 2133ರಲ್ಲಿಯೋ 2666ರಲ್ಲಿಯೋ ನಡೆಯುತ್ತಿರುತ್ತದೆ, ಪಟ್ಟಿಯೊಳಗೇ ಬರೆದಿಟ್ಟಿರುವ ವೇಗವನ್ನು ಬಳಸೆಂದು ನಾವು ಅಪ್ಪಣೆ ಕೊಡಬೇಕು. ಅನಂತರ ಇನ್ನೊಂದು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಪೆನ್ ಡ್ರೈವಿನಿಂದ ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸುವುದು. ನಾವು ಉಬುಂಟು ಹಾಕಿದೆವು. ಅದರಲ್ಲಿ ಕನ್ನಡಕ್ಕೆ ಕಗಪ ಎಂಬ ಹೆಸರಿನ ಕೀಲಿಮಣೆಯ ವಿನ್ಯಾಸ ಮೊದಲೇ ಇದೆ. ಕೆ. ಪಿ. ರಾಯರು ಉಚ್ಚಾರಣಾನುಸಾರವಾಗಿ ಕನ್ನಡಕ್ಕೆ ರೂಪಿಸಿಕೊಟ್ಟ ಕ್ರಮದ ಫಲವನ್ನು, ಮೂರು ದೇಶಗಳ ಮುದ್ರೆ ಹೊತ್ತ ಯಂತ್ರಗಳಲ್ಲಿಯೂ ನಾವು ಹೀಗೆ ಯಾವ ಶ್ರಮವೂ ಇಲ್ಲದೆ ಉಣ್ಣುತ್ತಿದ್ದೇವೆ.

ಈಚೆಗೆ ಬರುವ ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಅನೇಕವು ಮೆಮೊರಿಯನ್ನು ಬೋರ್ಡಿಗೇ ಬೆಸೆದಿಟ್ಟುಕೊಂಡು ಬರುತ್ತವೆ. ಕೊಂಡ ದಿನ ಎಷ್ಟಿತ್ತೋ ಸಾಯುವ ದಿನವೂ ಅಷ್ಟೇ. ಹಗುರತನಕ್ಕಾಗಿ, ವೇಗಕ್ಕಾಗಿ, ಬ್ಯಾಟರಿಯ ಉಳಿತಾಯಕ್ಕಾಗಿ ಹಾಗೆ ಮಾಡುತ್ತೇವೆಂದು ತಯಾರಕರು ಹೇಳುವುದರಲ್ಲಿ ನಿಜವೂ ಇದೆ. ಆದರೆ 1987ರಲ್ಲಿ ಐ.ಬಿ.ಎಂ. ಮುಚ್ಚಲಾರದೆ ಹೋದ ಬಾಗಿಲನ್ನು ಇವರು ಬೆಸುಗೆಯಿಂದ ಮುಚ್ಚುತ್ತಿದ್ದಾರೆಂದು ನನಗೆ ಅನ್ನಿಸದೆ ಇರುವುದಿಲ್ಲ. ಎಸ್.ಪಿ. ರಸ್ತೆಯ ಪೆಟ್ಟಿಗೆಯಲ್ಲಿ ಐದು ವರ್ಷದ ಮೇಲೆ ಮೆಮೊರಿ ಸಾಲದಾದರೆ ಮೆಮೊರಿಯೊಂದನ್ನೇ, ಎಸ್.ಎಸ್.ಡಿ. ತುಂಬಿದರೆ ಅದೊಂದನ್ನೇ ಬದಲಾಯಿಸಿಕೊಳ್ಳಬಹುದು. ಬಯಾಸಿನ ಗಡಿಯಾರವನ್ನು ನಡೆಸುವ 3 ವೋಲ್ಟಿನ ನಾಣ್ಯದಂಥ ಬ್ಯಾಟರಿ ತೀರಿದರೆ ಅದು ಗಡಿಯಾರದಂಗಡಿಯಲ್ಲಿಯೂ ಸಿಗುತ್ತದೆ. ಬಿಡಿಭಾಗಗಳ ಖಾಲಿ ಪೆಟ್ಟಿಗೆಗಳನ್ನೂ ಬಿಲ್ಲುಗಳನ್ನೂ ಮಾತ್ರ ಹಳೆಯ ಪೇಪರಿನವನಿಗೆ ಹಾಕದೆ ಅಟ್ಟದ ಮೇಲೆ ಇಟ್ಟುಕೊಳ್ಳತಕ್ಕದ್ದು. ಪ್ರೊಸೆಸರಿನ ವಾರಂಟಿ ಸಾಮಾನ್ಯವಾಗಿ ಮೂರು ವರ್ಷ, ಅದರ ಕ್ರಮಸಂಖ್ಯೆ ಕೂಲರಿನ ಅಡಿಯಲ್ಲಿ ಹೂತುಹೋಗಿದ್ದು ಹೊರಗೆ ಓದಲು ಸಿಗುವುದು ಪೆಟ್ಟಿಗೆಯ ಮೇಲೆ ಮಾತ್ರ.

450 ವ್ಯಾಟಿನ ಗುಟ್ಟನ್ನು ಹೇಳುವುದು ಬಾಕಿಯಿದೆ. ಮದರ್‌ಬೋರ್ಡಿನ ನಡುವೆ ಗ್ರಾಫಿಕ್ಸ್ ಕಾರ್ಡಿಗೆಂದು ಬಿಟ್ಟಿರುವ ಉದ್ದನೆಯ ಸ್ಲಾಟೊಂದು ಖಾಲಿಯಾಗಿ ಉಳಿದಿದೆ. ಅದು ತಾನಾಗಿಯೇ 75 ವ್ಯಾಟಿನವರೆಗೆ ವಿದ್ಯುತ್ತು ಕೊಡಬಲ್ಲದು, ಅದಕ್ಕೂ ಮೀರಿದ ಕಾರ್ಡಾದರೆ ಎಸ್.ಎಂ.ಪಿ.ಎಸ್.ನಿಂದ ಬೇರೆ ತಂತಿ ಎಳೆಯಬೇಕು. ನನ್ನ ತಮ್ಮನ ಮಗಳು ಆಟಗಳ ಹೆಸರನ್ನೇ ಎತ್ತದೆ, ಮಷಿನ್ ಲರ್ನಿಂಗ್ ವಿಷಯದ ಪ್ರಾಜೆಕ್ಟಿಗೆ ಅಂಥದೊಂದು ಕಾರ್ಡು ಅತ್ಯಾವಶ್ಯಕವೆಂದು ತಂದೆಯ ಮುಂದೆ ವಾದ ಹೂಡಿದ್ದಾಳೆ. ಇರುವ ಎಸ್.ಎಂ.ಪಿ.ಎಸ್. ಸಾಕಾಗುವಂಥ ಕಾರ್ಡಾದರೆ ನೋಡೋಣವೆಂದು ಅವನು ಅಂದಿದ್ದಾನೆ. ಅಂಥದು ಯಾವುದು, ಬೆಲೆಯೆಷ್ಟು ಎಂಬುದನ್ನು ವಿಚಾರಿಸಿಕೊಂಡು ಬರುವ ಭಾರ, ಹಿರಿಯನೆಂಬ ಅದೇ ಅರ್ಹತೆಯ ಮೇಲೆ, ನನ್ನ ಪಾಲಿಗೆ ಬಂದಿದೆ.